ನವಣೆ ಮನೆಗೆ ಮರಳಿ ಬಂದ ವರ್ಷ

ಆಹಾರವು ಮನುಷ್ಯನ ದೇಹವನ್ನಷ್ಟೇ ಅಲ್ಲ, ಅವನ ನಡತೆಯನ್ನೂ ವಿಚಾರವನ್ನೂ ತಿದ್ದುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಆಗಷ್ಟೇ ಹೊಟ್ಟೆ ತುಂಬ ಉಂಡು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೂತಿರುತ್ತಾರೆ. ಹಸಿದವರು ಈ ವಿಷಯವಾಗಿ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿಲ್ಲ. ಮೊನ್ನೆ ನಮ್ಮ ಬೀದಿಯಲ್ಲಿ ಹೊಸದಾಗಿ ತೆರೆದ ಸಿರಿಧಾನ್ಯದ ಅಂಗಡಿಯ ಮುಂದೆ ಹಾದುಹೋಗುವಾಗ ಒಂದು ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಬಾಗಿಲಲ್ಲಿ ಸಣ್ಣ ಒಲೆಯ ಮೇಲೆ ನವಣೆ ಬೇಯುತ್ತಿತ್ತು. ಬೇಯುವ ನವಣೆಗೆ ಒಣಹುಲ್ಲಿನ ಮೇಲೆ ಹನಿ ಬಿದ್ದಂಥ ಒಂದು ವಾಸನೆ ಇರುತ್ತದೆ. ನೀವೂ ಹಿಂದಿನ ಕಾಲದ ಬಯಲುಸೀಮೆಯ ಮನೆಯಲ್ಲಿ ಬೆಳೆದವರಾದರೆ ಹೇಳಬೇಕಾಗಿಲ್ಲ. ಅಂಗಡಿಯ ಹುಡುಗಿ ಎಲೆದೊನ್ನೆಯಲ್ಲಿ ಒಂದು ತುತ್ತು ಹಾಕಿ, "ರುಚಿ ನೋಡಿ ಮೇಡಂ, ಆರೋಗ್ಯಕ್ಕೆ ಒಳ್ಳೇದು" ಎಂದಳು. ದೊನ್ನೆ ಹಿಡಿದುಕೊಂಡು ನಾನು ರಸ್ತೆಯ ಈ ಬದಿಗೂ ಆ ಬದಿಗೂ ಸುಮ್ಮನೆ ಓಡಾಡಿದೆ. ನಿಂತು ತಿನ್ನಲು ಆಗಲಿಲ್ಲ.

ಹೊಳಲ್ಕೆರೆಯಲ್ಲಿ ಪೇಟೆ ಮುಗಿದು ಹೊಲಗಳು ಶುರುವಾಗುವ ಕಡೆ ನಮ್ಮ ಬಾಡಿಗೆ ಮನೆಯಿತ್ತು. ಈಗ ಅಲ್ಲಿ ಸಾಲು ಮಳಿಗೆಗಳಿವೆ. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಟೈರು ಮಾರುತ್ತಾರೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿ ಒಂದು ಪಡಸಾಲೆ, ಹೊಗೆ ಹಿಡಿದ ಅಡುಗೆಮನೆ, ಒಂದು ಒರಳು, ಹಿತ್ತಲಲ್ಲಿ ಕರಿಬೇವಿನ ಗಿಡ ಮತ್ತು ಐದು ಜನ ಇದ್ದೆವು: ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅಪ್ಪ, ಅಮ್ಮ, ಅಕ್ಕ, ನಾನು, ಮತ್ತು ಅಪ್ಪನ ತಾಯಿ, ನಮ್ಮಜ್ಜಿ. ಅಜ್ಜಿ ಐಮಂಗಲದ ಕಡೆಯ ಒಣಭೂಮಿಯವಳು. ಅವಳ ಆಯುಷ್ಯದ ಬಹುಪಾಲು ರಾಗಿಮುದ್ದೆ, ನವಣೆ, ಸಾಮೆಗಳಲ್ಲಿ ಕಳೆದುಹೋಗಿತ್ತು. ಅವಳ ಊರಲ್ಲಿ ನೆಲ್ಲಕ್ಕಿ ಅನ್ನ ಎಂದರೆ ಯುಗಾದಿಗೆ, ದೀಪಾವಳಿಗೆ, ಇಲ್ಲವೇ ಬೀಗರು ಬಂದಾಗ. ಉಂಡ ಮೇಲೆ ಮಕ್ಕಳು ಕೈ ತೊಳೆಯದೆ ವಾಸನೆ ನೋಡುತ್ತ ತಿರುಗುತ್ತಿದ್ದರಂತೆ. ಮಗ ಓದಿ, ಮೇಷ್ಟ್ರಾಗಿ, ಪೇಟೆಯಲ್ಲಿ ಮನೆ ಮಾಡಿ, ದಿನಾ ಬಿಳಿ ಅನ್ನ ಬೇಯುವಂತಾದಾಗ ಅಜ್ಜಿ ಹಳ್ಳಿಯ ಬಾಗಿಲಿಗೆ ಬೀಗ ಹಾಕಿ ಬಂದಳು. ತಟ್ಟೆಯ ಮುಂದೆ ಅವಳು ಕೂರುತ್ತಿದ್ದ ರೀತಿಯಲ್ಲಿ ಪಟ್ಟಕ್ಕೇರುವವರ ಗಾಂಭೀರ್ಯವಿರುತ್ತಿತ್ತು. ಅನ್ನದ ಹಬೆಯನ್ನು ಸ್ವಲ್ಪ ಹೊತ್ತು ಮುಖಕ್ಕೆ ತೆಗೆದುಕೊಂಡು, ಆಮೇಲೆ ಸಾರು ಇಕ್ಕಿಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಏನು ಅಡುಗೆ ಎಂದು ಕೇಳಿದರೆ ಸಾರಿನ ಹೆಸರು ಹೇಳುತ್ತಿರಲಿಲ್ಲ. "ಅನ್ನ ಕಣವ್ವ" ಎನ್ನುತ್ತಿದ್ದಳು, ಅಷ್ಟೇ.

ಇಂಥ ಸುಭಿಕ್ಷ ರಾಜ್ಯದ ಮೇಲೆ ಒಂದು ಬೇಸಿಗೆಯಲ್ಲಿ ಅಪ್ಪ ದಂಡೆತ್ತಿ ಬಂದರು. ಶಾಲೆಯ ಕೆಲಸವೆಂದು ಚಿತ್ರದುರ್ಗಕ್ಕೆ ಹೋದವರು ಸಂಜೆಯ ಬಸ್ಸಿಗೆ ಒಂದು ಮೂಟೆ ನವಣೆಯೊಂದಿಗೆ ಇಳಿದರು. ಮೂಟೆಯನ್ನು ಪಡಸಾಲೆಯ ನಡುವೆ ಇಳಿಸಿ, ಮುಖ ತೊಳೆಯುವುದಕ್ಕೂ ಮೊದಲೇ ಭಾಷಣ ಶುರುಮಾಡಿದರು. ಭತ್ತಕ್ಕೆ ನೀರು ಎಷ್ಟು ಬೇಕು, ನಮ್ಮ ಸೀಮೆಗೆ ಮಳೆ ಎಷ್ಟು, ಗಿರಣಿಗೆ ಹಾಕಿ ಉಜ್ಜಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ ಉಳಿಯುವುದೇನು, ನೆಲವನ್ನೂ ದೇಹವನ್ನೂ ಹೀಗೆ ಹಾಳುಮಾಡಿಕೊಂಡರೆ ಮುಂದಿನವರ ಗತಿಯೇನು ಎಂದು ಮುಂತಾಗಿ. "ನಮ್ಮ ಮಣ್ಣು ಏನು ಕೊಡ್ತೈತೋ ಅದನ್ನೇ ಉಣ್ಣಬೇಕು" ಎಂಬುದು ಭಾಷಣದ ಪಲ್ಲವಿ. ಅಂದಿನಿಂದ ಮನೆಯಲ್ಲಿ ಬಿಳಿ ಅಕ್ಕಿ ಇಲ್ಲ, ಸಕ್ಕರೆ ಇಲ್ಲ, ಡಾಲ್ಡಾ ಇಲ್ಲ, ಬೆಲ್ಲವೂ ಇಲ್ಲ. ನವಣೆ ಇದೆ, ಹುರುಳಿಕಾಳಿದೆ, ಹೊಲದ ಬದುವಿನಲ್ಲಿ ಬೇಕಾದಷ್ಟು ಸೊಪ್ಪಿದೆ. ಹೀರೇಕಾಯಿಯ ಸಿಪ್ಪೆ ಬಿಸಾಡದೆ ಚಟ್ನಿ ಮಾಡಬೇಕು, ಪಾತ್ರೆ ತೊಳೆದ ನೀರು ಗಿಡಕ್ಕೆ ಹೋಗಬೇಕು, ಕಾಳು ನೆನೆಹಾಕಿ ಬೇಯಿಸಿ ಸೌದೆ ಉಳಿಸಬೇಕು. ಅಜ್ಜಿ ಹುಟ್ಟಿದಾಗಿನಿಂದ ಮಾಡುತ್ತಿದ್ದುದನ್ನೇ ಅಪ್ಪ ತಾವು ಕಂಡುಹಿಡಿದವರಂತೆ ಅವಳಿಗೆ ವಿವರಿಸಿದರು. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡು, "ಮುಗೀತೇನಪ್ಪ? ಇನ್ನು ಅನ್ನಕ್ಕೆ ಎಸರು ಇಡ್ಲಾ?" ಎಂದಳು.

ಎಸರೇನೋ ಇಟ್ಟರು, ನವಣೆಗೆ. ತಟ್ಟೆಗೆ ಬಿದ್ದ ಹಳದಿ ಅನ್ನವನ್ನು ಅಜ್ಜಿ ಬೆರಳ ತುದಿಯಿಂದ ಮುಟ್ಟಿ, ಬಹಳ ಹಿಂದೆ ಜಗಳವಾಡಿ ದೂರವಾದ ನೆಂಟರು ಮದುವೆಮನೆಯಲ್ಲಿ ಎದುರಾದರೆ ನೋಡುವಂತೆ ನೋಡಿದಳು. "ಸೊಸೆ ಕಾಲದಾಗೂ ನವಣೆ, ಅತ್ತೆ ಕಾಲದಾಗೂ ನವಣೆನಾ? ಮುಗುದ್ಹೋತು ಅಂದ್ಕಂಡಿದ್ನಲ್ಲೋ ಇದು! ನಿನ್ನ ಓದ್ಸಿದ್ದು ಇದುಕ್ಕೇನಾ?" ಅಪ್ಪ ಒಂದು ಚೊಂಬು ನೀರು ಕುಡಿದರು. ಆ ದಿನಗಳಲ್ಲಿ ಅವರು ಬಹಳ ನೀರು ಕುಡಿಯುತ್ತಿದ್ದರು. ಅದೂ ಸುಧಾರಣೆಯ ಒಂದು ಭಾಗವೆಂದು ತಿಳಿದು ನಾನೂ ಅಕ್ಕನೂ ಪೈಪೋಟಿಯಲ್ಲಿ ಕುಡಿದು ಶಾಲೆಯಲ್ಲಿ ಕಷ್ಟಪಟ್ಟೆವು.

ಸುಧಾರಣೆಯ ನಿಜವಾದ ಭಾರ ಬಿದ್ದದ್ದು ಅಮ್ಮನ ರಟ್ಟೆಯ ಮೇಲೆ. ಗಿರಣಿಯವನು ನವಣೆ ತಂದರೆ ಮುಖ ತಿರುಗಿಸುತ್ತಿದ್ದ. ಹೀಗಾಗಿ ಮೂಲೆಗೆ ಒರಗಿದ್ದ ಒನಕೆ ಮತ್ತೆ ಅಮ್ಮನ ಕೈಗೆ ಬಂತು. ಬೆಳಗಿನ ಜಾವದಿಂದಲೇ ದುಬ್ ದುಬ್ ಎಂಬ ಸದ್ದು. ಹೊಟ್ಟಿನ ಧೂಳು ಬಿಸಿಲುಕೋಲಿನಲ್ಲಿ ಕುಣಿದು ನಮ್ಮ ಕತ್ತಿಗೆ, ಪುಸ್ತಕಕ್ಕೆ, ಹಾಸಿಗೆಗೆ ಇಳಿದು ಮೈಯೆಲ್ಲ ನವೆ. ಅಮ್ಮ ಜಗಳಗಂಟಿಯಲ್ಲ. ಒಂದು ದಿನ ಮಾತ್ರ ಒನಕೆ ನಿಲ್ಲಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು, "ದೇಶ ಉದ್ಧಾರ ಮಾಡೋರು ನೀವು, ಕುಟ್ಟೋಳು ನಾನು. ಒಂದ್ ದಿನ ಅದಲುಬದಲು ಮಾಡ್ಕಳಾಣ ಬರ್ರಿ" ಎಂದಳು. ಅಪ್ಪ ನಿಜಕ್ಕೂ ಅಂಗಿ ಕಳಚಿ ಕುಟ್ಟಲು ನಿಂತರು. ನಾಕು ಪೆಟ್ಟಿಗೇ ಬೆವರಿ, ಒರಳಿನ ಅಂಚು ಹಿಡಿದು ಕೂತುಬಿಟ್ಟರು. ನಾವು ನಕ್ಕೆವು. ಅಮ್ಮನೂ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ, ಅದು ಅನ್ನದ ಸಿಟ್ಟು ಎಂದು ನಾವು ತಿಳಿದೆವು.

ಅಷ್ಟರಲ್ಲಿ ಅಜ್ಜಿ ತನ್ನ ಅಸ್ತ್ರ ಹೊರತೆಗೆದಿದ್ದಳು. ಅವಳ ಮಗಳು, ಎಂದರೆ ನಮ್ಮ ಸೋದರತ್ತೆ, ಹಿರಿಯೂರಿನ ಹತ್ತಿರ ಮಾರಿಕಣಿವೆ ಕಾಲುವೆಯ ಕೆಳಗಿನ ಊರಿಗೆ ಕೊಟ್ಟವಳು. ಅಲ್ಲಿ ಗದ್ದೆ, ಭತ್ತ, ಮೂರು ಹೊತ್ತೂ ಅನ್ನ. "ನಾನು ಹಿರಿಯೂರಿಗೆ ಹೋಗ್ತೀನಿ. ಸಾಯೋವರ್ಗೂ ಅಲ್ಲೇ ಇರ್ತೀನಿ" ಎಂದು ಅಜ್ಜಿ ಘೋಷಿಸಿದಳು. ಅಂದಿನಿಂದ ಮನೆಯಲ್ಲಿ ಯಾರಿಗೂ ಒಂದು ಕಡೆ ಕೂರಲಾಗಲಿಲ್ಲ. ಅಜ್ಜಿ ದಿನಾ ಸಂಜೆ ಸೀರೆ, ಕಂಬಳಿ, ಎಲೆಯಡಿಕೆ ಚೀಲ ಸೇರಿಸಿ ಗಂಟು ಕಟ್ಟುವಳು. ಬೆಳಗ್ಗೆ ಎದ್ದು ಎಲೆಯಡಿಕೆಗೆಂದು ಬಿಚ್ಚುವಳು. ಅಮ್ಮ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ. ಅಪ್ಪ ಓದುತ್ತ ಓದುತ್ತ ಎದ್ದು ಹಿತ್ತಲಿಗೆ ಹೋಗುವರು, ಬಂದು ನೀರು ಕುಡಿದು ಕೂರುವರು, ಮತ್ತೆ ಏಳುವರು. ನಾನು ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದವಳು. ಅವಳ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅವಳು ಹೋದರೆ ಏನು ಸುತ್ತಿಕೊಳ್ಳಲಿ ಎಂಬುದಕ್ಕೆ ಯಾರ ಭಾಷಣದಲ್ಲೂ ಉತ್ತರವಿರಲಿಲ್ಲ. ಶಾಲೆಯಿಂದ ಬಂದೊಡನೆ ಮೊದಲು ಗಂಟು ಕಟ್ಟಿದೆಯೋ ಬಿಚ್ಚಿದೆಯೋ ನೋಡುತ್ತಿದ್ದೆ. ಅಪ್ಪನೂ ಅದನ್ನೇ ನೋಡುತ್ತಿದ್ದರು, ಚಪ್ಪಲಿ ಬಿಡುತ್ತ, ಬೇರೆಲ್ಲೋ ನೋಡುವವರಂತೆ.

ಅಜ್ಜಿಯನ್ನು ಕೊನೆಗೂ ಎಬ್ಬಿಸಿದ್ದು ಬೆಲ್ಲ. ಹಬ್ಬದ ಹಿಂದಿನ ದಿನ ಹೋಳಿಗೆಗೆ ಬೆಲ್ಲ ತರಿಸೆಂದಳು. ಅಪ್ಪ ಬೇಡವೆಂದರು. "ಸಕ್ಕರೆ ಬ್ಯಾಡ ಅಂದಿ, ಸರಿ, ಅದು ಮಿಷನ್ನಿನ ಮಾಲು. ಬೆಲ್ಲ ನಮ್ಮ ಮಣ್ಣಾಗೇ ಆಗೋದಲ್ಲೇನ್ಲಾ? ಅದು ನಿಂಗೇನು ಮಾಡಿತ್ತು?" ಎಂದು ಕೇಳಿದಳು. ಪಾಠದಲ್ಲಿ ಎಂದೂ ತಡವರಿಸದ ಮೇಷ್ಟ್ರು ಬಾಗಿಲ ಚಿಲಕ ಮುಟ್ಟಿಕೊಂಡು, "ಬ್ಯಾಡ ಅಂದ್ರೆ ಬ್ಯಾಡ ಕಣವ್ವ" ಎಂದಷ್ಟೇ ಹೇಳಿ ಶಾಲೆಗೆ ಹೊರಟರು. ಹಬ್ಬಕ್ಕೆ ಹೋಳಿಗೆ ಇಲ್ಲದ ಮನೆಯಲ್ಲಿ ಇನ್ನು ಇರಬಾರದೆಂದು ಅಜ್ಜಿಗೆ ತೀರ್ಮಾನವಾಯಿತು. ನನ್ನನ್ನು ಕಳಿಸಿ ಜಟಕಾ ಕರೆಸಿದಳು. ಅಮ್ಮ ಕಣ್ಣೊರೆಸಿಕೊಳ್ಳುತ್ತ, "ನೀವು ಹೋದ್ರೆ ಅವರು ಉಣ್ಣಲ್ಲ ಅತ್ತೆ" ಎಂದಳು. "ಉಂಡ್ರೆ ತಾನೆ ನವಣೆ, ಬಿಟ್ರೂ ನಷ್ಟಿಲ್ಲ" ಎಂದಳು ಅಜ್ಜಿ. ಗಂಟು ಜಟಕಾ ಏರಿತು. ಮಗಳ ಮನೆಗೆ ಬರಿಗೈಲಿ ಹೋಗಬಾರದೆಂದು, ನಾಕು ಎಸಳು ಕರಿಬೇವು ಮುರಿಯಲು ಅವಳು ಹಿತ್ತಲಿಗೆ ನಡೆದಳು. ಅವಳ ಸೆರಗು ಹಿಡಿದು ನಾನೂ ನಡೆದೆ.

ಕರಿಬೇವಿನ ಗಿಡದ ಆಚೆ, ಗೋಡೆಯ ಮೂಲೆಯಲ್ಲಿ, ಗಂಡಸರು ಒಂದಕ್ಕೆ ಹೋಗುವ ಜಾಗ. ನಮ್ಮ ಮನೆಯಲ್ಲಿ ಗಂಡಸರು ಎಂದರೆ ಅಪ್ಪ ಒಬ್ಬರೇ. ಆ ಮೂಲೆಯ ಒದ್ದೆ ಮಣ್ಣಿನ ಮೇಲೆ ಕಪ್ಪಗೆ ಇರುವೆಗಳು ಮುತ್ತಿಕೊಂಡಿದ್ದವು. ಗೋಡೆಯ ಬಿರುಕಿನಿಂದ ಸಾಲುಗಟ್ಟಿ ಇನ್ನೂ ಇಳಿಯುತ್ತಿದ್ದವು. ಅಜ್ಜಿ ಕರಿಬೇವಿಗೆ ಚಾಚಿದ ಕೈಯನ್ನು ಹಾಗೇ ಬಿಟ್ಟು ನಿಂತಳು. ಬೀದಿಯಿಂದ ಜಟಕಾದವನು, "ಅಜ್ಜೀ, ಜಲ್ದಿ ಬರ್ರಿ, ಬಸ್ಸು ಹೋಗ್ತೈತೆ" ಎಂದು ಕೂಗಿದ. ಅವಳಿಗೆ ಕೇಳಿಸಲಿಲ್ಲ. "ನಿಮ್ಮಜ್ಜಂಗೂ ಹಿಂಗೇ ಇರುವೆ ಬರ್ತಿದ್ವು" ಎಂದಳು, ನನಗಲ್ಲ, ಇರುವೆಗಳಿಗೆ ಹೇಳುವಂತೆ. ನಾನು ನೋಡದ ಆ ಅಜ್ಜನಿಗೆ ಸಿಹಿಮೂತ್ರದ ಕಾಯಿಲೆ ಇತ್ತು. ಕಾಲಿಗೆ ಮುಳ್ಳು ಚುಚ್ಚಿದ ಗಾಯ ಮಾಯದೆ, ಕೊಳೆತು, ಅಪ್ಪ ಇನ್ನೂ ಓದುತ್ತಿದ್ದಾಗಲೇ ತೀರಿಹೋಗಿದ್ದ. ಗಾಯ ತೊಳೆಯುತ್ತಿದ್ದವಳು ಅಜ್ಜಿ. ಬಿಸಿನೀರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವರು ಅಪ್ಪ. ಚಿತ್ರದುರ್ಗಕ್ಕೆ ಅಪ್ಪ ಹೋಗಿದ್ದು ಶಾಲೆಯ ಕೆಲಸಕ್ಕಲ್ಲ, ಡಾಕ್ಟರ ಹತ್ತಿರಕ್ಕೆ. ಅಕ್ಕಿ, ಸಕ್ಕರೆ, ಬೆಲ್ಲ ಬಿಡಿಸಿದ್ದು ಡಾಕ್ಟರೇ. ತಾಯಿಗೆ ಅದನ್ನು ಹೇಳಲಾರದೆ, ತಾವೊಬ್ಬರೇ ಪಥ್ಯ ಮಾಡಿದರೆ ಗೊತ್ತಾಗಿಬಿಡುತ್ತದೆಂದು, ಮಣ್ಣಿನ ಹೆಸರಲ್ಲಿ ಇಡೀ ಮನೆಗೆ ಪಥ್ಯ ಹಾಕಿದ್ದರು. ಇದೆಲ್ಲ ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಅಜ್ಜಿಗೆ ಮಾತ್ರ ಆ ಮೂಲೆಯಲ್ಲಿ ನಿಂತಷ್ಟು ಹೊತ್ತಿನಲ್ಲೇ ತಿಳಿಯಿತು. ಬಚ್ಚಲಿನಿಂದ ಒಂದು ಕೊಡ ನೀರು ತಂದು ಮೂಲೆಗೆ ಸುರಿದಳು. ಇರುವೆಗಳು ತೇಲಿಹೋದವು. "ನಿಮ್ಮಮ್ಮಂಗೂ ಹೇಳ್ಬ್ಯಾಡ, ಯಾರಿಗೂ ಹೇಳ್ಬ್ಯಾಡ. ಜಟಕಾದೋನಿಗೆ ಗಂಟು ಇಳ್ಸು ಅನ್ನು" ಎಂದಳು.

ಸಂಜೆ ಅಪ್ಪ ಎಂದಿಗಿಂತ ಬೇಗ ಬಂದರು. ಜಟಕಾ ಬಂದಿದ್ದ ಸುದ್ದಿ ಶಾಲೆಯವರೆಗೂ ಹೋಗಿತ್ತು. ಕೈಯಲ್ಲಿ ಒಂದು ಬಟ್ಟೆಚೀಲ. ಅದರಲ್ಲಿ ಸಣ್ಣಕ್ಕಿ, ಕಾಗದದ ಪೊಟ್ಟಣದಲ್ಲಿ ಬೆಲ್ಲ. ಪಡಸಾಲೆಯಲ್ಲಿ ಅಜ್ಜಿ ಕಾಲು ಚಾಚಿ ಕೂತು ಮೊರದಲ್ಲಿ ನವಣೆ ಕೇರುತ್ತಿದ್ದಳು.

"ಹೋಗ್ಲಿಲ್ವೇನವ್ವ?" ಎಂದರು ಅಪ್ಪ, ಹೊಸಿಲ ಮೇಲೇ ನಿಂತು.

"ಬಸ್ಸು ತಪ್ಪಿತು."

ಅಪ್ಪ ಅಮ್ಮನ ಕಡೆ ಚೀಲ ನೀಡಿದರು. "ಅವ್ವಂಗೆ ಬೇರೆ ಅನ್ನ ಮಾಡು. ಈ ವಯಸ್ಸಿನಾಗೆ ನಂದೆಲ್ಲ ಅತೀ ಆತು."

"ಯಾರಿಗೋ ಅನ್ನ? ನಾನು ಅನ್ನ ಬಿಟ್ಟೀನಿ" ಎಂದಳು ಅಜ್ಜಿ. ಮೊರ ಆಡುತ್ತಲೇ ಇತ್ತು, ಹೊಟ್ಟು ಹಾರುತ್ತಲೇ ಇತ್ತು.

"ಯಾಕವ್ವ, ಇದ್ದಕ್ಕಿದ್ದಂಗೆ?"

"ಯಾಕೆ ಅಂದ್ರೆ? ನಮ್ಮ ಮಣ್ಣು ಏನು ಕೊಡ್ತೈತೋ ಅದನ್ನೇ ಉಣ್ಣಬೇಕಂತೆ. ನಮ್ಮ ಹೈಸ್ಕೂಲ್ ಮೇಷ್ಟ್ರು ಹೇಳ್ಯಾರೆ. ಬಲು ಓದ್ಕಂಡೋರು."

ಅಪ್ಪ ತಾಯಿಯ ಮುಖ ನೋಡಿದರು. ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. ಕೂತಲ್ಲಿ ಕೂರದ ಆ ಮನುಷ್ಯ ಅಂದು ಚಪ್ಪಲಿಯನ್ನೂ ಬಿಡದೆ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ನವಣೆಯಲ್ಲಿ ಕಲ್ಲು ಆರಿಸತೊಡಗಿದರು. ಇಬ್ಬರೂ ಕಾಯಿಲೆಯ ಮಾತು ಎತ್ತಲಿಲ್ಲ, ಅಂದೂ, ಆಮೇಲೂ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಚೀಲ ಹಿಡಿದು, ಏನು ಮಾಡುವುದೆಂದು ತಿಳಿಯದೆ, ಒಮ್ಮೆ ಇವರನ್ನೂ ಒಮ್ಮೆ ಒಲೆಯನ್ನೂ ನೋಡುತ್ತ ನಿಂತಿದ್ದಳು. ರಾತ್ರಿ ನಾನು ಸೆರಗು ಸುತ್ತಿಕೊಂಡು ಮಲಗಿದರೂ ನಿದ್ದೆ ಹತ್ತಲಿಲ್ಲ. ಆ ಸೆರಗಿನ ಕೊನೆಯಲ್ಲಿದ್ದ ಅಜ್ಜಿಯೂ ಮಗ್ಗುಲು ಬದಲಿಸುತ್ತಲೇ ಇದ್ದಳು.

ಅಪ್ಪ ತಂದ ಅಕ್ಕಿಯನ್ನು ಅಮ್ಮ ದೋಸೆಗೆಂದು ಪಕ್ಕದ ಮನೆಗೆ ಕೊಟ್ಟಳು. ಅಪ್ಪ ರಿಟೈರಾಗುವವರೆಗೂ ಇದ್ದರು, ಎರಡು ಕಾಲಿನ ಮೇಲೆ ನಡೆದಾಡಿಕೊಂಡು. ಅಜ್ಜಿ ಅದಕ್ಕೆ ಮುಂಚೆಯೇ ಹೊಳಲ್ಕೆರೆಯ ಆ ಮನೆಯಲ್ಲಿ ತೀರಿಕೊಂಡಳು. ಆ ಸಂಜೆಯ ಮೇಲೆ ಅವಳು ಅನ್ನ ಉಣ್ಣಲಿಲ್ಲ.