ಒಂದು ಕ್ಯಾನು ಹೊಳೆ ನೀರು

ಬಸ್ಸಿನಲ್ಲೇ ಚೆಲ್ಲಿದ್ದು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಈಗ ಅದೂ ಖಾತ್ರಿಯಿಲ್ಲ. ಅವತ್ತು ನಾನು ಭದ್ರಾವತಿಯಿಂದ ಬಂದದ್ದು ರೈಲಿನಲ್ಲಿ ಎಂದು ನನ್ನ ಹೆಂಡತಿ ಗಿರಿಜ ಅನ್ನುತ್ತಾಳೆ. ನನಗೆ ಮಾತ್ರ ಬಸ್ಸಿನ ತಗಡಿನ ನೆಲ, ಸೀಟಿನ ಕೆಳಗೆ ಹರಿಯುತ್ತಿರುವ ನೀರು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಇಷ್ಟು ಚೊಕ್ಕವಾಗಿ ಕಾಣುತ್ತಿರುವುದೇ ನನ್ನ ಅನುಮಾನಕ್ಕೆ ಕಾರಣ.

ಇದನ್ನೆಲ್ಲ ಕೆದಕಿದ್ದು ನಮ್ಮ ಕರೆಂಟಿನ ಕೆಟಲ್ಲು. ಅದರ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿದೆ. ನೀರು ಸೋಸುವ ಯಂತ್ರ ಮಾರುವವನೊಬ್ಬ ಬೆಳಿಗ್ಗೆ ಬಂದು, ನಮ್ಮ ನಲ್ಲಿಯ ನೀರಿಗೆ ಪೆನ್ನಿನಂಥ ಮೀಟರ್ ಅದ್ದಿ, ಡಾಕ್ಟರರ ಮುಖ ಮಾಡಿಕೊಂಡು, "ಅಂಕಲ್, ಬೋರ್ ನೀರು ಮಿಕ್ಸ್ ಆಗ್ತಿದೆ. ತುಂಬಾ ಗಡಸು" ಅಂದ. ಅಡಿಗೆಮನೆಯಿಂದ ಗಿರಿಜ, "ಅದಕ್ಕೆ ಮೀಟರ್ ಯಾಕಪ್ಪಾ? ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡಿದ್ರೆ ಸಾಕು" ಅಂದಳು. ಅವನು ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ಮದುವೆಯಾದದ್ದು ಅರವತ್ತರ ದಶಕದ ಮೊದಲಲ್ಲಿ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಬಾವಿ, ಬೀದಿಯ ತುದಿಯಲ್ಲಿ ನಲ್ಲಿ, ನಡುವೆ ಅವ್ವ. ನಲ್ಲಿಯೊಳಗೆ ತೊಗಲಿನ ವಾಷರ್ ಇರುತ್ತದೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ತೊಗಲು ಮುಟ್ಟಿದ ನೀರು ಲಿಂಗಪೂಜೆಗೂ ಆಗದು, ಅಡಿಗೆಗೂ ಆಗದು. ಸಾಲದ್ದಕ್ಕೆ ಬ್ಲೀಚಿಂಗ್ ಪುಡಿಯ ವಾಸನೆ ಬೇರೆ. ಅವ್ವ ಅದನ್ನು ಆಸ್ಪತ್ರೆ ವಾಸನೆ ಅನ್ನುತ್ತಿದ್ದಳು. ನಾನು ಆಫೀಸಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದರೆ ಬಾಗಿಲಲ್ಲೇ, "ಯಾರಿಗೆ ಹುಷಾರಿಲ್ಲೋ? ಆಸ್ಪತ್ರೆ ಹೊಕ್ಕು ಬಂದಂಗಿದೀಯ" ಅನ್ನುವಳು. ಅಂಥ ಮೂಗು. ಈ ಮೂಗನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬಾವಿಯ ನೀರು ಕುಡಿಯಲು ತಣ್ಣಗಿತ್ತು, ಅಷ್ಟೇ ಅದರ ಗುಣ. ಸಾಬೂನು ಉಜ್ಜಿದಷ್ಟೂ ಸವೆಯುತ್ತಿತ್ತೇ ಹೊರತು ನೊರೆ ಬರುತ್ತಿರಲಿಲ್ಲ. ಹಬ್ಬಕ್ಕೊಮ್ಮೆ ಬಚ್ಚಲ ಹಂಡೆಯೊಳಗೆ ತಲೆ ಹಾಕಿ ಬಿಳಿ ಪದರವನ್ನು ಉಳಿಯಿಂದ ಕೆತ್ತುವುದು ನನ್ನ ಕೆಲಸ. ಅವ್ವ ಬೆಳಕು ಹರಿಯುವ ಮೊದಲೇ ಬೇಳೆಯನ್ನು ಸಣ್ಣ ಉರಿಯ ಮೇಲಿಟ್ಟು ಪೂಜೆಗೆ ಕೂರುತ್ತಿದ್ದಳು. ಊಟದ ಹೊತ್ತಿಗೆ ಅದು ಹೇಗೋ ಬೆಂದಿರುತ್ತಿತ್ತು. ಅದೊಂದು ಉಪಾಯವೆಂದು ಅವಳಿಗೇ ಗೊತ್ತಿರಲಿಲ್ಲ, ಹಾಗಾಗಿ ಸೊಸೆಗೆ ಹೇಳಿಕೊಡಲಿಲ್ಲ. (ಅಥವಾ ಗೊತ್ತಿದ್ದೂ ಹೇಳಿಕೊಡಲಿಲ್ಲ. ಇದನ್ನು ಹೊಡೆದುಹಾಕೋಣವೆಂದುಕೊಂಡೆ, ಇರಲಿ.)

ಗಿರಿಜ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಲ್ಲಿ ನಲ್ಲಿಯಲ್ಲಿ ಹೊಳೆಯ ನೀರು. ಬೇಳೆ ಇಟ್ಟು ತರಕಾರಿ ಹೆಚ್ಚುವಷ್ಟರಲ್ಲಿ ಕರಗಿರುತ್ತಿತ್ತಂತೆ. ಇಲ್ಲಿ ಅವಳು ಅದೇ ಲೆಕ್ಕದಲ್ಲಿ ಮಾಡಿದ ಸಾರಿನಲ್ಲಿ ಬೇಳೆ ಒಂದೊಂದೂ ಬಿಡಿಬಿಡಿಯಾಗಿ ನಿಂತಿರುತ್ತಿತ್ತು. "ನಿಮ್ಮ ಕಡೆ ಬೇಳೇನ ಎಣಿಸಿ ತಿಂತಾರೇನವ್ವ?" ಎಂದು ಅವ್ವ ಕೇಳಿದಳು. ಬಂದ ನೆಂಟರ ಮುಂದೆಯೂ ಕೇಳಿದಳು. ಒಂದು ದಿನ ಸೌಟನ್ನೇ ಕಿತ್ತುಕೊಂಡು, "ನೀನು ತರಕಾರಿ ಹೆಚ್ಚು, ಸಾಕು" ಅಂದಳು. ಒಲೆಯ ಮುಂದಿನಿಂದ ಎಬ್ಬಿಸಿದ ಸೊಸೆ ಆ ಕಾಲದಲ್ಲಿ ಮನೆಯೊಳಗಿದ್ದೂ ಹೊರಗಿನವಳೇ.

ಗಿರಿಜ ಅಳಲಿಲ್ಲ. "ದೋಷ ನನ್ನ ಕೈಯಲ್ಲಿಲ್ಲ ಅತ್ತೆ, ನೀರಲ್ಲಿದೆ. ನಮ್ಮೂರ ನೀರು ತರಿಸಿ ತೋರಿಸ್ತೀನಿ."

"ನಿಮ್ಮೂರ ನಲ್ಲಿ ತೊಗಲಿಲ್ಲದೇ ಸುರೀತದಾ?"

"ನಲ್ಲೀದು ಬೇಡ. ಹೊಳೇದೇ ತರಿಸ್ತೀನಿ."

"ಬೇಯದಿದ್ರೆ?"

"ಮತ್ತೆ ಯಾವತ್ತೂ ಒಲೆ ಕೇಳಲ್ಲ."

ತುಂಗೆ ನಮ್ಮೂರಲ್ಲೇ ಹರಿಯುತ್ತಿರುವಾಗ ಭದ್ರೆಯ ನೀರು ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಗಿರಿಜ ನೋಡಿದ ನೋಟಕ್ಕೆ, ಭಾನುವಾರ ಹಾಲಿನ ಕ್ಯಾನು ಹಿಡಿದು ಹೊರಟೆ.

ಮಾವನವರೇ ಹೊಳೆಗಿಳಿದು ತುಂಬಿಕೊಟ್ಟರು. ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ಗೌಸು ಸಾಬರು, ಲಾರಿ ರಿಪೇರಿ ಮಾಡುವವರು. ಬಸ್ಸು ಗುಂಡಿಗಿಳಿದು ಎದ್ದಾಗ ಮುಚ್ಚಳ ಹಾರಿ ಕ್ಯಾನು ಮಗುಚಿತು. "ಅರೇ ಸಾಮಿ, ನನ್ ಪಾಂವ್ ಎರಡೂ ತೊಳೆದ್ಬಿಟ್ರಲ್ಲ!" ಎಂದು ಅವರು ಕಾಲು ಮೇಲೆತ್ತಿಕೊಂಡರು. ನನ್ನ ಮುಖ ನೋಡಿ ಏನೆಂದು ವಿಚಾರಿಸಿದರು. ನಾನು ಬೇಳೆಯಿಂದ ಹಿಡಿದು ಎಲ್ಲ ಹೇಳಿಕೊಂಡೆ. ಶಿವಮೊಗ್ಗದಲ್ಲಿ ಇಳಿದ ಮೇಲೆ ಸ್ಟ್ಯಾಂಡಿನ ನಲ್ಲಿ ತೋರಿಸಿ, "ತುಂಬಿಸ್ಕೊಳ್ಳಿ ಮಾರಾಯ್ರೆ. ಇದೂ ತುಂಗಾ ಹೊಳೇದೇ. ನೀರಿನ ಮೇಲೆ ಊರ ಹೆಸರು ಬರ್ದಿರ್ತದಾ?" ಅಂದರು.

ಕ್ಯಾನಿನ ತಳದಲ್ಲಿ ಉಳಿದಿದ್ದದ್ದು ಒಂದು ಬೊಗಸೆ. ತುಂಗೆಗೆ ನಡೆದು ಹೋಗಿ ತುಂಬಬಹುದಿತ್ತು. ಆಗ ತೋಚಲಿಲ್ಲ, ಅಥವಾ ತೋಚಿದರೂ ಬಿಸಿಲಿತ್ತು. ನಲ್ಲಿ ತಿರುಗಿಸಿದೆ.

ಪರೀಕ್ಷೆಗೆ ಮೊದಲು ಅವ್ವ ಮುಚ್ಚಳ ತೆಗೆದು ಬಗ್ಗಿ ಮೂಸಿದಳು. ಬಹಳ ಹೊತ್ತು ಮೂಸಿದಳು. ಗಿರಿಜ ಗೋಡೆಗೊರಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಅವಳನ್ನು. "ಹೊಳೆ ನೀರೇ. ಇಡು" ಅಂದಳು.

ಎರಡು ಒಲೆ, ಎರಡು ಪಾತ್ರೆ. ಬಾವಿಯ ನೀರಿನಲ್ಲಿ ಬೇಳೆ ಕುಣಿಯುತ್ತಲೇ ಇತ್ತು. ಗಿರಿಜಳ ಪಾತ್ರೆಯಲ್ಲಿ ಅರಳಿ ಕರಗಿತು. ಅವ್ವ ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ, "ಬೆಂದಿದೆ. ಒಲೆ ಇನ್ನು ನಿಂದೇ ಮಾರಾಯ್ತಿ. ನನಗೂ ಹೊಗೆ ಸಾಕಾಗಿದೆ" ಅಂದಳು. ಮುಂದೆ ಕೆಲವು ವರ್ಷಕ್ಕೆ ಮನೆಗೇ ನಲ್ಲಿ ಬಂದಾಗ, ಪೂಜೆಗೆ ಮಾತ್ರ ಬಾವಿ ನೀರು ಸೇದಿಕೊಂಡು, ಉಳಿದದ್ದಕ್ಕೆ ಏನೂ ಅನ್ನಲಿಲ್ಲ.

ಆದರೆ ಅವತ್ತಿನ ಸಾರನ್ನು ಅವ್ವ ಉಣ್ಣಲಿಲ್ಲವೆಂದು ನನ್ನ ನೆನಪು. ಮಜ್ಜಿಗೆ ಕುಡಿದು ಎದ್ದಳು. ಸೋಮವಾರ ಅವಳದು ಒಪ್ಪತ್ತು, ಹಗಲು ಊಟವಿಲ್ಲ. ಪರೀಕ್ಷೆ ನಡೆದದ್ದು ಮರುದಿನ ಬೆಳಿಗ್ಗೆಯಾದರೆ ಅದರಲ್ಲಿ ವಿಶೇಷವೇನೂ ಇಲ್ಲ. ನಾನು ಬಂದ ಭಾನುವಾರವೇ ಆಗಿದ್ದರೆ ಬೇರೆ ಮಾತು.

ಯಂತ್ರದವನು ಹೋದ ಮೇಲೆ ಗಿರಿಜಳಿಗೆ ಎಲ್ಲ ಹೇಳಿದೆ, ಮೊದಲ ಸಲ. ಅವಳು ಕೆಟಲ್ಲಿಗೆ ಹುಣಿಸೆಹಣ್ಣು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು.

"ಊಟ ಮಾಡಿದ್ರು ಕಣ್ರೀ. ಎರಡು ಸಲ ಸಾರು ಹಾಕಿಸ್ಕೊಂಡ್ರು."

"ಸರಿಯಾಗಿ ನೆನಪಿದೆಯಾ?"

"ಇಲ್ದೇ ಏನು!" ಅಂದಳು. ಮತ್ತೆ ಕೆಟಲ್ಲು ತಿಕ್ಕತೊಡಗಿ, "ಹಂಗಾದ್ರೆ ಅವತ್ತು ನಾನು ಗೆದ್ದೆನಾ, ಅತ್ತೆ ಗೆಲ್ಲಿಸಿದ್ರಾ?" ಎಂದು ಕೇಳಿದಳು. ನನ್ನನ್ನೇ ಕೇಳಿದಳೋ ಕೆಟಲ್ಲನ್ನೋ.

ಒಂದು ಲೋಟ ನಲ್ಲಿ ನೀರು ಹಿಡಿದು ಅವ್ವನ ಹಾಗೆ ಬಗ್ಗಿ ಮೂಸಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಅವತ್ತು ಅವ್ವನಿಗೆ ಬಂದಿತ್ತೇ? ಗೊತ್ತಿಲ್ಲ. ಅದು ಯಾವ ವಾರ ಎಂಬುದೂ ಗೊತ್ತಿಲ್ಲ.