ಹಾಲಿನ ಕಟ್ಟೆಯ ಮೂಗು

ಡೇರಿಯಲ್ಲಿ ನನ್ನ ಅಣ್ಣನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಮೂಗಿನ ಮೇಷ್ಟ್ರು. ಬೆಳಗ್ಗೆ ಹಾಲು ತಂದವರು ತಮ್ಮ ತಮ್ಮ ಕ್ಯಾನುಗಳನ್ನು ಇಳಿಸುವ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಅಣ್ಣ ಒಂದೊಂದರ ಮುಚ್ಚಳ ತೆಗೆದು, ಮಗುಚಿ, ಅದರ ಒಳಮೈಗೆ ಮೂಗು ಹಿಡಿಯುತ್ತಿದ್ದ. ಹಾಲಿನ ವಾಸನೆ ಮೊದಲು ಬಂದು ಕೂರುವುದು ಮುಚ್ಚಳದಲ್ಲಿ. ಹುಳಿಯೋ, ಹೊಗೆಯೋ, ಸರಿಯಾಗಿ ತೊಳೆಯದ ಪಾತ್ರೆಯ ಕಮಟೋ ತಾಗಿದರೆ "ತೆಗೀರಿ" ಎನ್ನುತ್ತಿದ್ದ, ಇಲ್ಲವಾದರೆ "ಸುರೀರಿ". ಆ ಮಾತಿಗೆ ಎದುರು ಮಾತಿರಲಿಲ್ಲ.

ಮೂಗನ್ನು ಅವನು ಕಣ್ಣಿಗಿಂತ ಹೆಚ್ಚಾಗಿ ಕಾಪಾಡುತ್ತಿದ್ದ. ಘಮಘಮಿಸುವ ಸೋಪು ಮುಟ್ಟುತ್ತಿರಲಿಲ್ಲ. ನಾನು ಪೌಡರ್ ಹಚ್ಚಿಕೊಂಡು ಪಕ್ಕಕ್ಕೆ ಬಂದರೆ, "ಆಚೆ ಕೂತ್ಕೊಳ್ಳೇ ಮಹಾರಾಣಿ, ನಾಳೆ ಊರ ಹಾಲೆಲ್ಲ ನಿನ್ನ ಪೌಡರೇ ನಾರುತ್ತೆ" ಎಂದು ಗದರುತ್ತಿದ್ದ.

ಇಷ್ಟು ಪಥ್ಯ ಮಾಡಿದವನು ಕುಡಿತವನ್ನು ಮಾತ್ರ ಪಥ್ಯದಿಂದ ಹೊರಗಿಟ್ಟ. ಕೆಲಸ ಮುಗಿದ ಮೇಲೆ ಲಾರಿ ಚಾಲಕರ ಜೊತೆ ಆರಂಭವಾದದ್ದು ವರ್ಷಗಳಲ್ಲಿ ನಿತ್ಯದ ನೇಮವಾಯಿತು. ಬೀದಿಯಲ್ಲಿ ತೂರಾಡಲಿಲ್ಲ, ಕೈ ಎತ್ತಲಿಲ್ಲ, ಸದ್ದಿಲ್ಲದೆ ಬಂದು ಉಂಡು ಮಲಗುತ್ತಿದ್ದ. ಆದ್ದರಿಂದ ನೆರೆಯವರು ಅವನನ್ನು ಸಂಭಾವಿತ ಎಂದೇ ತಿಳಿದರು. ಕುಡುಕನನ್ನು ಅವನ ಗದ್ದಲದಿಂದ ಅಳೆಯುವುದು ತಪ್ಪು. ಹಾನಿ ಗದ್ದಲ ಮಾಡಿಕೊಂಡೇ ಬರಬೇಕೆಂದಿಲ್ಲ.

ಅದನ್ನು ಮೊದಲು ಕಂಡವಳು ಅತ್ತಿಗೆ, ಅದೂ ತಟ್ಟೆಯಲ್ಲಿ.

"ಇವತ್ತೂ ಉಪ್ಪು ಮರೆತ್ಯಾ?"

"ಇನ್ನು ಸಮುದ್ರಾನೇ ತಂದು ಬಡಿಸ್ಬೇಕು ಅಷ್ಟೇ. ನಿಮ್ಮ ನಾಲಿಗೆ ಎಲ್ಲಿ ಅಡ ಇಟ್ಟು ಬಂದ್ರಿ?"

ಒಂದು ಸಂಜೆ ಒಲೆಯ ಮೇಲೆ ಹಾಲು ಸೀದು ಕರಕಲಾಗಿತ್ತು. ಗೇಟಿನ ಬಳಿಯೇ ನನಗೆ ಆ ನಾತ ಬಡಿಯಿತು. ಅಣ್ಣನೋ, ಒಲೆಯ ಪಕ್ಕದ ಕುರ್ಚಿಯಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದ. ಕೇಳಿದರೆ "ನೆಗಡಿ" ಎಂದ. ಆ ನೆಗಡಿ ಬೇಸಿಗೆ ಮುಗಿದರೂ ಬಿಡಲಿಲ್ಲ.

ಮೂಗು ಹೋದವನು ಕಟ್ಟೆಯ ಮೇಲೆ ನಿಂತು ಏನು ಮಾಡುತ್ತಿದ್ದ? ಮುಚ್ಚಳವನ್ನು ಮೂಗಿಗೆ ಹಿಡಿದು, ಕಣ್ಣಂಚಿನಿಂದ ಹಾಲು ತಂದವರ ಮುಖ ನೋಡುತ್ತಿದ್ದ. ಎದೆ ಸೆಟೆಸಿ ನಿಂತವರ ಹಾಲು ಒಳಗೆ ಹೋಯಿತು, ತಲೆ ತಗ್ಗಿಸಿದವರದು ಹೊರಗೆ ಬಂತು.

ಆಗಷ್ಟೇ ಹಾಲು ಹಾಕಲು ಶುರುಮಾಡಿದ್ದ ಹೆಂಗಸೊಬ್ಬಳಿದ್ದಳು. ಎರಡು ಹಸು ಕಟ್ಟಿಕೊಂಡಿದ್ದಳು, ಮಾತು ಕಡಿಮೆ, ಯಾರ ಮುಖವನ್ನೂ ನೇರವಾಗಿ ನೋಡುವವಳಲ್ಲ. ಅವಳ ಕ್ಯಾನು ಮತ್ತೆ ಮತ್ತೆ ವಾಪಸಾಯಿತು. ಒಂದು ಮಧ್ಯಾಹ್ನ ಅವಳು ಅದೇ ಕ್ಯಾನು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಿರಬಹುದೆಂದು ನಾನು ಮುಂದೆ ಹೋಗಿ ನಿಂತೆ.

"ಜಗಳಕ್ಕೆ ಬಂದಿಲ್ಲಕ್ಕಾ. ಮೇಷ್ಟ್ರೇ, ಕ್ಯಾನು ಬದಲಾಯಿಸ್ದೆ, ಮೇವು ಬದಲಾಯಿಸ್ದೆ. ಕೊಟ್ಟಿಗೆಯಲ್ಲೇ ಏನೋ ದೋಷ ಅಂತ ಒಂದು ಹಸುನೂ ಮಾರ್ಬಿಟ್ಟೆ. ಏನು ವಾಸನೆ ಅಂತ ಹೇಳ್ಬಿಡಿ, ಸಾಕು. ಸರಿ ಮಾಡ್ಕೋತೀನಿ."

ಅಣ್ಣ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಅತ್ತಿಗೆ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೂಸಿದಳು.

"ಇದಕ್ಕೇನಾಗಿದೆ ರೀ? ಒಳ್ಳೇ ಹಾಲು!"

ಒಂದು ಸುಳ್ಳು ಹೇಳಿದ್ದರೆ ಅವನ ಪದವಿ ಉಳಿಯುತ್ತಿತ್ತು. ಹೊಗೆ ಎಂದಿದ್ದರೂ ಆ ಹೆಂಗಸು ನಂಬಿ ಹೋಗುತ್ತಿದ್ದಳು. ಅಣ್ಣ ಕ್ಯಾನಿನ ಕಡೆ ನೋಡುತ್ತಲೇ ಹೇಳಿದ: "ಹಾಲಿಗೇನೂ ಆಗಿಲ್ಲ ತಾಯಿ. ಹಸುಗೂ ಏನಾಗಿರ್ಲಿಲ್ಲ. ನನ್ನ ಮೂಗು ಹೋಗಿದೆ. ಕುಡಿದು ಕಳ್ಕೊಂಡೆ."

ಅವಳು ಬಯ್ಯಲಿಲ್ಲ. "ಮೊದ್ಲೇ ಹೇಳಬಾರ್ದಿತ್ತಾ" ಎಂದಷ್ಟೇ ಹೇಳಿ ಕ್ಯಾನು ಎತ್ತಿಕೊಂಡು ಹೊರಟಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಮರುದಿನ ಕಟ್ಟೆಯ ಮೇಲೆ ಎಲ್ಲರೆದುರು ಅದೇ ಮಾತನ್ನು ಹೇಳಿ, ಕ್ಯಾನು ತೊಳೆಯುವ ಕೆಲಸ ಕೇಳಿ ಪಡೆದ. ನಾನೇ ಅವನನ್ನು ವೈದ್ಯರ ಬಳಿ ಕರೆದೊಯ್ದೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆಯೇ ಎಂದೂ, ಬಹುಕಾಲದ ಕುಡಿತ ಎರಡನ್ನೂ ಮಂಕಾಗಿಸಬಲ್ಲುದೆಂದೂ, ಬಿಟ್ಟರೆ ಸ್ವಲ್ಪ ಮರಳಬಹುದು, ಭರವಸೆ ಕೊಡಲಾರೆನೆಂದೂ ಅವರು ಹೇಳಿದರು. ಅಣ್ಣ ಬಿಟ್ಟ. ಫಿನೈಲಿನ ನಾತ ಮರಳಿತು, ಸೀದ ವಾಸನೆ ಮರಳಿತು. ಹಾಲಿನ ಸೂಕ್ಷ್ಮ ಮರಳಲಿಲ್ಲ.

ಹಾಲು ಹಾಕುವುದನ್ನು ಆ ಹೆಂಗಸು ನಿಲ್ಲಿಸಿಬಿಟ್ಟಳು. ಅವಳು ಮಾರಿದ ಹಸುವಿನ ಹಾಲು ಈಗ ಕೊಂಡವನ ಕ್ಯಾನಿನಲ್ಲಿ ಅದೇ ಕಟ್ಟೆಗೆ ಬರುತ್ತದೆಯಂತೆ. ತೊಳೆಯಲು ಬಂದ ಪ್ರತಿ ಮುಚ್ಚಳವನ್ನೂ ಅಣ್ಣ ಮಗುಚಿ ಮೂಗಿಗೆ ಹಿಡಿಯುತ್ತಾನೆ. ಒಂದು ಕಾಲದಲ್ಲಿ ಯಾವ ಮುಚ್ಚಳ ಯಾವ ಹಸುವಿನದೆಂದು ಕೂಡಲೇ ಹೇಳುತ್ತಿದ್ದ. ಈಗ ಎಲ್ಲವೂ ಬರಿಯ ತಗಡು. ಬಿಸಿನೀರು ಬಿಟ್ಟು ತೊಳೆದು ಬೋರಲು ಹಾಕುತ್ತಾನೆ.