ಹಿಲ್ಮಾರ್ ಕಂಡ ಮೋಡ

“ಅಮ್ಮಾ, ನಕ್ಷತ್ರ ಕಾಣ್ತಾ ಇದ್ರೂ ಹಿಲ್ಮಾರ್ ಮಾಮ ಯಾಕೆ ಮೋಡ ಅಂತಾರೆ?”

ಟಿರಿಲ್ ಗಂಜಿ ತಿನ್ನುತ್ತಾ ಇದನ್ನು ಕೇಳಿದಾಗ ನಾನು ಅವಳ ಇನ್ನೊಂದು ಕೈಗವಸು ಹುಡುಕುತ್ತಿದ್ದೆ. “ಅವರಿಗೆ ಮೋಡದ ವಿಷಯ ನಿನಗಿಂತ ಚೆನ್ನಾಗಿ ಗೊತ್ತು, ತಿನ್ನು” ಎಂದುಬಿಟ್ಟೆ. ಉತ್ತರ ಧ್ರುವಕ್ಕೆ ಹತ್ತಿರದ ನಮ್ಮ ಟ್ರೋಮ್ಸೊದಲ್ಲಿ ಡಿಸೆಂಬರ್ ತಿಂಗಳಲ್ಲಿ ಮೋಡ ಎಂದವರನ್ನು ಯಾರೂ ತಿರುಗಿ ಪ್ರಶ್ನಿಸುವುದಿಲ್ಲ. ಈ ವರ್ಷವಂತೂ ಸಮುದ್ರದ ಕಡೆಯಿಂದ ಬಂದ ಮೋಡ ಊರಿನ ಮೇಲೆ ಒದ್ದೆ ಕಂಬಳಿಯಂತೆ ಕೂತುಬಿಟ್ಟಿತ್ತು. ಬೀದಿದೀಪಗಳ ಕಿತ್ತಳೆ ಬಣ್ಣ ಅದಕ್ಕೆ ಮೆತ್ತಿಕೊಂಡು ಆಕಾಶವೆಂಬುದು ಮರೆತೇ ಹೋಗಿತ್ತು. ಯಾವಾಗಲೋ ಒಂದು ಗಳಿಗೆ ಮೋಡ ಬಿರಿದರೂ ತಲೆಯೆತ್ತಿ ನೋಡುವವರಿರಲಿಲ್ಲ. ರಾತ್ರಿ ಆಕಾಶದಲ್ಲಿ ಆಡುವ ಆ ಹಸಿರು ಬೆಳಕು, ಧ್ರುವಪ್ರಭೆ, ಕಂಡಿರಾ ಎಂದು ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಉಳಿದವರು ನಗುತ್ತಿದ್ದರು.

ಹಿಲ್ಮಾರ್ ನಮ್ಮ ಕೆಳಗಿನ ಮನೆಯವರು. ಊರಿನ ಬಸ್ ಓಡಿಸುತ್ತಾರೆ. ಹುಟ್ಟಿದ್ದು ಸೆನ್ಯಾ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ. “ಅಪ್ಪನ ದೋಣೀಲಿ ವಾಂತಿ ಮಾಡ್ಕೊಂಡೇ ಬೆಳೆದೋನು ನಾನು, ಅದಕ್ಕೇ ನೆಲದ ಮೇಲೆ ಹೋಗೋ ದೋಣಿ ಹಿಡಿದೆ” ಎನ್ನುವುದು ಅವರ ಹಳೆಯ ತಮಾಷೆ. ಊರುಗೋಲಿನ ಅಜ್ಜಿ ಸೀಟಿನಲ್ಲಿ ಸರಿಯಾಗಿ ಕೂರುವವರೆಗೆ ಅವರ ಬಸ್ಸು ಅಲ್ಲಾಡುವುದಿಲ್ಲ. ಹಿಂದಿನಿಂದ ಯಾರಾದರೂ ಗೊಣಗಿದರೆ, “ಇಳಿದು ತಳ್ಳಪ್ಪಾ, ಬೇಗ ಹೋಗುತ್ತೆ” ಎನ್ನುತ್ತಾರೆ. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಯಿತು. ಮಕ್ಕಳಿಲ್ಲ. ಬಸ್ಸೇ ಸಂಸಾರ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನಗೆ ಮಧ್ಯಾಹ್ನದ ಪಾಳಿ ಬಿದ್ದ ದಿನ ಟಿರಿಲ್‌ಳನ್ನು ಶಿಶುವಿಹಾರದಿಂದ ಕರೆತಂದು, ಮೀನಿನ ವಡೆ ಹುರಿದು ತಿನ್ನಿಸುವುದು ಅವರೇ. ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಪ್ರತಿವರ್ಷ ಕಟ್ಟಡದಲ್ಲಿ ಧ್ರುವಪ್ರಭೆಯನ್ನು ಮೊದಲು ಕಾಣುತ್ತಿದ್ದವರು ಹಿಲ್ಮಾರ್. ಕಂಡ ಕೂಡಲೇ ಎಲ್ಲ ಮನೆಗಳ ಕರೆಗಂಟೆ ಒತ್ತುತ್ತಾ ಮೇಲೆ ಓಡುತ್ತಿದ್ದರು. ಈ ಚಳಿಗಾಲ ಒಂದು ಗಂಟೆಯೂ ಬಾರಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನದ ಊಟವಾದ ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದರು. ಶೂ ಬಿಚ್ಚಲಿಲ್ಲ, ಒಳಗೂ ಬರಲಿಲ್ಲ.

“ಸಿಗ್ನೆ, ಶೀಬೋಟ್ನ್ ಕಣಿವೆ ಕಡೆ ಆಕಾಶ ಬಿಚ್ಚಿದೆಯಂತೆ. ಹೋಗಿ ಬರೋಣ, ಮಗೂನೂ ಕರ್ಕೋ.”

“ಅಷ್ಟು ದೂರಾನಾ? ಮುಂದಿನ ವಾರ ಹೋದ್ರಾಯ್ತು ಬಿಡಿ.”

“ಮುಂದಿನ ವಾರ ಆಗಲ್ಲ. ಇವತ್ತೇ.”

ಮಗುವಿನ ಆಸೆಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಆದರೆ ಮುಖ ನೋಡಿದರೆ ಸುತ್ತಾಟಕ್ಕೆ ಹೊರಟವರ ಹಾಗಿರಲಿಲ್ಲ, ಹಲ್ಲು ಕೀಳಿಸಿಕೊಳ್ಳಲು ಹೊರಟವರ ಹಾಗಿತ್ತು. ಕಾಫಿ ತುಂಬಿಸಿಕೊಂಡು ಅವರ ಕಾರು ಹತ್ತಿದೆವು.

ಸೂರ್ಯ ಹುಟ್ಟದ ತಿಂಗಳು. ಮಧ್ಯಾಹ್ನ ಕಳೆಯುತ್ತಲೇ ಕಗ್ಗತ್ತಲು. ಸೇತುವೆ ದಾಟುವವರೆಗೆ ಹಿಲ್ಮಾರ್ ಟಿರಿಲ್‌ಳನ್ನು ರೇಗಿಸುತ್ತಲೇ ಇದ್ದರು. ಬೀದಿದೀಪಗಳ ಸಾಲು ಮುಗಿದ ಮೇಲೆ ಅವರ ಮಾತೂ ನಿಂತಿತು. ಎರಡೂ ಕೈ ಸ್ಟಿಯರಿಂಗ್ ಮೇಲೆ, ಮುಖ ಗಾಜಿನ ಹತ್ತಿರ. ಎದುರಿನಿಂದ ಒಂದು ಲಾರಿ ಬಂದು ಹೋಯಿತು. ಅದು ಹೋದ ಮೇಲೆ ನಮ್ಮ ಕಾರು ತೆವಳತೊಡಗಿತು.

“ಏನಾಯ್ತು?”

“ಲಾರಿಯವನಿಗೆ ಬುದ್ಧಿ ಬೇಡ್ವಾ? ದೀಪ ತಗ್ಗಿಸದೇ ಬರ್ತಾನೆ.”

ಲಾರಿಯವನು ದೂರದಲ್ಲೇ ದೀಪ ತಗ್ಗಿಸಿದ್ದನ್ನು ನಾನು ನೋಡಿದ್ದೆ.

ಸ್ವಲ್ಪ ಮುಂದೆ ನಾನು ಕೂತಿದ್ದ ಬಲಗಡೆಯ ಕನ್ನಡಿಗೆ ಏನೋ ಟಪ್ಪೆಂದು ಬಡಿಯಿತು. ಹಿಮ ಬಿದ್ದಾಗ ರಸ್ತೆಯ ಅಂಚು ತಿಳಿಯಲೆಂದು ನೆಟ್ಟ ಕೋಲು.

“ಮಾಮ, ಕೋಲು” ಎಂದಳು ಟಿರಿಲ್.

“ನೋಡಿದೆ ಪುಟ್ಟೀ.”

ಅವರು ನೋಡಿರಲಿಲ್ಲ. ಗಂಜಿ ತಿನ್ನುತ್ತಾ ಮಗಳು ಕೇಳಿದ್ದು ಆಗ ನನ್ನ ಎದೆಗೆ ಬಂದು ನಾಟಿತು. ಎಡಗಡೆ ಬಂಡೆ, ಬಲಗಡೆ ಕಪ್ಪು ನೀರು. ಕೂಗಿದರೆ ಸ್ಟಿಯರಿಂಗ್ ಎಳೆದುಬಿಟ್ಟಾರು ಎಂಬ ಹೆದರಿಕೆ. ದನಿ ಸಹಜವಾಗಿರುವ ಹಾಗೆ ನೋಡಿಕೊಂಡು ಹೇಳಿದೆ: “ಮುಂದೆ ಬಸ್‌ಸ್ಟಾಪ್ ಬರುತ್ತೆ, ಅಲ್ಲಿ ನಿಲ್ಲಿಸಿ. ಟಿರಿಲ್‌ಗೆ ಒಂದಕ್ಕೆ ಹೋಗ್ಬೇಕಂತೆ.”

“ನಂಗೇನೂ ಬಂದಿಲ್ಲ.”

“ಬಂದಿದೆ, ಸುಮ್ನಿರು.”

“ಎಲ್ಲಿ ಸ್ಟಾಪು?” ಎಂದರು ಹಿಲ್ಮಾರ್.

“ಈಗ ದಾಟಿದ್ವಿ.”

ಕಾರು ನಿಂತಿತು. ಬಸ್ ಓಡಿಸುವ ಮನುಷ್ಯನಿಗೆ ಬಸ್‌ಸ್ಟಾಪು ಕಂಡಿರಲಿಲ್ಲ. ನಾನು ಇಳಿದು ಅವರ ಬದಿಗೆ ಹೋಗಿ ಬಾಗಿಲು ತೆಗೆದೆ. ಯಾಕೆಂದು ಕೇಳದೆ ಅವರು ಇಳಿದು, ಕಾರಿನ ಮೈ ಸವರುತ್ತಾ ಸುತ್ತಿಬಂದು ನನ್ನ ಜಾಗದಲ್ಲಿ ಕೂತರು.

ನಾನು ಸ್ಟಿಯರಿಂಗ್ ಹಿಂದೆ ಕೂತು, “ಯಾವಾಗಿನಿಂದ?” ಎಂದೆ.

“ಬೇಸಿಗೇಲಿ ಏನೂ ಗೊತ್ತಾಗ್ಲಿಲ್ಲ, ಕತ್ತಲೇ ಇರಲಿಲ್ವಲ್ಲ. ಕತ್ತಲೆ ಶುರುವಾದ್ಮೇಲೆ... ಆದ್ರೆ ಊರಲ್ಲಿ ಏನೂ ತೊಂದ್ರೆ ಇಲ್ಲ ಸಿಗ್ನೆ. ದಾರಿಯುದ್ದಕ್ಕೂ ದೀಪ ಇದೆ.”

“ಒಂದು ದೀಪ ಕೆಟ್ಟಿದ್ರೆ? ಅದರ ಕೆಳಗೇ ನನ್ನ ಮಗಳು ರಸ್ತೆ ದಾಟ್ತಾ ಇದ್ರೆ?”

ಸಿಟ್ಟಿನಿಂದಲೇ ಗೇರ್ ಹಾಕಿದೆ. ಕಾರು ವಾಪಸ್ ತಿರುಗಿಸಲು ಹೋದೆ.

“ತಿರುಗಿಸ್ಬೇಡ” ಎಂದರು. “ದಿನಾ ಹಿತ್ತಲಲ್ಲಿ ನಿಂತು ಮೋಡ, ಮೋಡ ಅಂತ ನಾನೇ ನಂಬ್ಕೊಂಡು ಬಂದಿದೀನಿ. ಶೀಬೋಟ್ನ್‌ನಲ್ಲಿ ಮೋಡ ಇಲ್ಲ. ಅಲ್ಲಿ ಧ್ರುವಪ್ರಭೆ ಕಂಡ್ರೆ ಮೋಡದ ತಪ್ಪು, ಕಾಣದಿದ್ರೆ ನನ್ನ ಕಣ್ಣಿನದು. ನಾಳೆ ಮೊದಲನೇ ಬಸ್ ನನ್ನದೇ. ಅಷ್ಟರೊಳಗೆ ಗೊತ್ತಾಗ್ಬೇಕು.”

“ಅದಕ್ಕೆ ಕಣ್ಣಿನ ಡಾಕ್ಟ್ರು ಇಲ್ವಾ?”

“ಡಾಕ್ಟ್ರು ಬಸ್ ಓಡಿಸ್ಬೇಡ ಅಂತ ಬರೆದು ಕೊಟ್ಬಿಡ್ತಾರೆ. ಆಕಾಶ ಬರೆದು ಕೊಡಲ್ಲ.”

ಮುಂದಕ್ಕೇ ಓಡಿಸಿದೆ. ಅವರಿಗೆ ಕಾಣಲಿ ಎಂದು ಮನಸ್ಸು ಬೇಡುತ್ತಿತ್ತು. ಕಂಡರೆ ನಾಳೆ ಬಸ್ ಹತ್ತುತ್ತಾರಲ್ಲ ಎಂದು ಅದೇ ಮನಸ್ಸು ಹೆದರುತ್ತಿತ್ತು.

ಶೀಬೋಟ್ನ್ ಕಣಿವೆಯ ಬಾಯಲ್ಲಿ ಮೋಡ ಹರಿದು ನಕ್ಷತ್ರಗಳು ಕಂಡವು. ಬದಿಯಲ್ಲಿ ನಿಲ್ಲಿಸಿ ದೀಪ ಆರಿಸಿದೆ. ಮೂಗಿನ ಒಳಗಿನ ಕೂದಲೂ ಸೆಟೆದುಕೊಳ್ಳುವ ಚಳಿ. ಮೂವರೂ ಒಂದೇ ಕಡೆ ಮುಖ ಮಾಡಿ ನಿಂತೆವು. ಬೆಟ್ಟದ ಮೇಲೆ ಮೊದಲು ಸೀಮೆಸುಣ್ಣ ಒರೆಸಿದಂಥ ಒಂದು ಗೆರೆ. ಅದು ನಿಧಾನವಾಗಿ ಹಸಿರಾಗಿ, ಅಗಲವಾಗಿ, ಒಣಹಾಕಿದ ಬಟ್ಟೆಯಂತೆ ಅಲುಗತೊಡಗಿತು. ಟಿರಿಲ್ ಬಾಯಿ ತೆರೆದಳು. ಅವಳ ಭುಜದ ಮೇಲೆ ಕೈಯಿಟ್ಟು ತಡೆದೆ. ಅವರೇ ಹೇಳಬೇಕಿತ್ತು.

ಕಾಲ ಕೆಳಗಿನ ಹಿಮವೂ ಹಸಿರು ಬಣ್ಣಕ್ಕೆ ತಿರುಗಿತ್ತು. ಆ ಬೆಳಕಿನಲ್ಲಿ ಹಿಲ್ಮಾರರ ಮೀಸೆಗೆ ಕಟ್ಟಿದ ಮಂಜು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಇನ್ನೂ ಬಂದಿಲ್ಲ ಅಲ್ವಾ?” ಎಂದರು ಅವರು.

ಟಿರಿಲ್‌ಳ ಭುಜವನ್ನು ಇನ್ನಷ್ಟು ಒತ್ತಿ ಹಿಡಿದೆ.

“ಇರು... ಅಲ್ಲೇನೋ ಬೆಳ್ಳಗಿದೆ. ಅದೇ ಅಲ್ವಾ? ಸಿಗ್ನೆ, ಅದೇ ತಾನೆ?”

ಕಣಿವೆಯ ಕೆಳಗಿನ ಕಡೆಗೆ ಬೆರಳು ತೋರಿಸುತ್ತಿದ್ದರು. ಹೌದು ಎಂದುಬಿಡಬಹುದಿತ್ತು. ಅಷ್ಟು ಆಸೆಯಿಂದ ಕೇಳಿದವರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ನನಗೆ ಅವತ್ತು ತಿಳಿಯಿತು.

“ಅದು ಊರಿನ ದೀಪ, ಹಿಲ್ಮಾರ್.”

ಟಿರಿಲ್ ನನ್ನ ಕೈ ಕೊಸರಿಕೊಂಡು ಹೋಗಿ ಅವರ ತೋಳು ಹಿಡಿದೆತ್ತಿದಳು. “ಇಲ್ಲಿದೆ ಮಾಮ. ಇಲ್ಲಿಂದ...” ಎನ್ನುತ್ತಾ, ತುದಿಗಾಲಲ್ಲಿ ನಿಂತು, ಆ ದಪ್ಪ ತೋಳನ್ನು ಆಕಾಶದಲ್ಲಿ ಮೆಲ್ಲಗೆ ಎಳೆದಳು. “ಇಲ್ಲೀವರೆಗೂ.”

“ಇಷ್ಟು ದೊಡ್ಡದಾ?”

“ಹೂಂ. ಈಗ ಅಲ್ಲಾಡ್ತಾ ಇದೆ.”

ಅವರು ತೋಳು ಇಳಿಸದೆ ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, “ಮಗುಗೆ ಚಳಿ ಆಗುತ್ತೆ, ನಡಿ” ಎಂದರು.

ಬರುವಾಗ ಟಿರಿಲ್ ನಿದ್ದೆ ಹೋದಳು. ಕಾಫಿಯ ಲೋಟವನ್ನು ಅವರ ಅಂಗೈಯಲ್ಲೇ ಇಟ್ಟು ಬೆರಳು ಮುಚ್ಚಿದೆ. ಊರು ಹತ್ತಿರವಾದಂತೆ ಕಿತ್ತಳೆ ಮೋಡ ಮತ್ತೆ ತಲೆಯ ಮೇಲೆ ಬಂತು. ಬೀದಿದೀಪಗಳು ಶುರುವಾದವು. ಹಿಲ್ಮಾರ್ ನೆಟ್ಟಗೆ ಕೂತರು.

“ನೋಡು, ಇಲ್ಲಿ ಎಲ್ಲಾ ಕಾಣುತ್ತೆ. ಆ ಬೋರ್ಡ್ ಓದಿ ಹೇಳಲಾ?”

“ಓದ್ಬೇಡಿ.”

“ಅದರ ಕೆಳಗಿನ ಚಿಕ್ಕ ಅಕ್ಷರಾನೂ—”

“ಹಿಲ್ಮಾರ್, ಬೇಡಿ.”

ಮನೆಯ ಮುಂದೆ ನಾನು ಕಾರು ನಿಲ್ಲಿಸಿದರೂ ಅವರು ಬಾಗಿಲು ತೆರೆಯಲಿಲ್ಲ. ಎದುರಿನ ದೀಪದ ಕಂಬವನ್ನೇ ನೋಡುತ್ತಾ ಕೂತಿದ್ದರು. ಹಿಂದಿನ ಸೀಟಿನಲ್ಲಿ ಮಗಳ ಉಸಿರು ಕೇಳುತ್ತಿತ್ತು.

“ಸಿಗ್ನೆ, ಒಂದು ಉಪಕಾರ ಮಾಡ್ತೀಯಾ?” ಎಂದರು ಕೊನೆಗೆ. “ನಾಳೆ ಬೆಳಗ್ಗೆ ನನ್ನ ಜೊತೆ ಡಿಪೊಗೆ ಬಾ. ಮ್ಯಾನೇಜರ್‌ಗೆ ನಾನು ಹೇಳಿ ಮುಗಿಸೋವರೆಗೂ ಪಕ್ಕದಲ್ಲೇ ನಿಂತಿರು. ಅಲ್ಲಿ ದೀಪ ಜೋರಾಗಿರುತ್ತೆ. ಒಬ್ಬನೇ ಹೋದ್ರೆ ನಾನು ಬಸ್ ಹತ್ತಿಬಿಡ್ತೀನಿ.”